ನಿಂತಿರುವುದು ಯಾರು?

ಕಾರ್ಕಳದ ಬೆಟ್ಟದ ಮೇಲೆ ಕಲ್ಲಿನ ಬಾಹುಬಲಿ 1432ರಿಂದ ಕಾಯೋತ್ಸರ್ಗದಲ್ಲಿ, ದೇಹದ ಮೋಹ ತೊರೆದ ಜೈನ ಧ್ಯಾನಭಂಗಿಯಲ್ಲಿ, ನಿಂತಿದ್ದಾನೆ. ಬಳ್ಳಿ ಹಬ್ಬಿದರೂ ಕದಲದವನು. ಚಿಕ್ಕಂದಿನಲ್ಲಿ ಅಮ್ಮನ ಕೈಹಿಡಿದು ಆ ಬೆಟ್ಟ ಹತ್ತಿದ್ದೆ.

ಈಗ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೈಲಿನ್ ಹೊದಿಕೆಯನ್ನು ನನ್ನದೇ ರೋಗನಿರೋಧಕ ಶಕ್ತಿ ಸವೆಸುತ್ತಿದೆ. ಮಣಿಪಾಲದಲ್ಲಿ ಫಿಸಿಯೋಥೆರಪಿಗೆ ಹೋದಾಗ, ಅದುರುವ ಹಲಗೆಯ ಮೇಲೆ ಕಂಬಿ ಹಿಡಿದು ನಿಲ್ಲುತ್ತೇನೆ. ಕಂಪನಕ್ಕೆ ಸ್ನಾಯು ತಾನಾಗಿಯೇ ಬಿಗಿಯುತ್ತದೆ, ನನ್ನನ್ನು ಕೇಳದೆ. ರೋಗ ಇದರಿಂದ ವಾಸಿಯಾಗದು, ಗೊತ್ತು. ಸೆಕೆ ಏರಿದರೆ ಕಾಲು ಸೋಲುತ್ತದೆ; ಹಾಗಾಗಿ ಕಾಪು ಕಡಲತೀರದ ನಡಿಗೆ ಬೆಳಕು ಹರಿಯುವಾಗಲೇ.

ಬಾಹುಬಲಿ ದೇಹದ ಮೋಹವನ್ನು ತಾನೇ ಬಿಟ್ಟ. ನನ್ನನ್ನು ದೇಹವೇ ಬಿಡುತ್ತಿದೆ. ಹಾಗಾದರೆ ಕಂಬಿ ಹಿಡಿದಿರುವುದು ಯಾರು? ದೇಹ ನಾನಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಜೋಮು ಹಿಡಿದ ಪಾದಕ್ಕೆ ಒಂದು ಬೆಳಿಗ್ಗೆ ಕಾಪುವಿನ ಮರಳು ತಣ್ಣಗಿದೆಯೆಂದು ತಿಳಿಯಿತು. ನಾನು ಅಲ್ಲೇ ನಿಂತು ಅತ್ತೆ.