ಬ್ಯಾಂಕಿನ ಚಿನ್ನ ಯಾರ ಚಿನ್ನ?

ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಪಾಠ ಹೇಳಿದವನು ನಾನು. ಅಷ್ಟು ವರ್ಷಗಳಲ್ಲಿ ಮಕ್ಕಳು ಅತ್ಯಂತ ಶ್ರದ್ಧೆಯಿಂದ ಕೇಳಿದ ಪಾಠ ಯಾವುದೆಂದು ಯಾರಾದರೂ ವಿಚಾರಿಸಿದರೆ ಸ್ವಲ್ಪ ನಾಚಿಕೆಯಿಂದಲೇ ಉತ್ತರ ಹೇಳಬೇಕಾಗುತ್ತದೆ. ಅದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಯಾರಾದರೂ ಮಾಸ್ತರರು ರಜೆ ಹಾಕಿ ಅವರ ಪೀರಿಯಡು ನನ್ನ ತಲೆಗೆ ಬಂದಾಗ ನಾನು ಹೇಳುತ್ತಿದ್ದ ಇಂಗ್ಲೆಂಡಿನ ರೈಲು ದರೋಡೆಯ ಕಥೆ ಅದು.

1963ರ ಆಗಸ್ಟ್ 8, ನಸುಕಿನ ಮೂರು ಗಂಟೆ. ಗ್ಲಾಸ್ಗೋದಿಂದ ಲಂಡನ್ನಿಗೆ ಹೊರಟ ಅಂಚೆ ರೈಲು ಬಕಿಂಗ್‌ಹ್ಯಾಮ್‌ಶೈರಿನ ಬಯಲಿನಲ್ಲಿ ಬರುತ್ತಿದೆ. ಸಿಗ್ನಲ್ಲಿನ ಹಸಿರು ದೀಪಕ್ಕೆ ಒಂದು ಕೈಗವಸು ಮುಚ್ಚಿ, ಕೆಂಪು ದೀಪವನ್ನು ತಾವೇ ತಂದ ಬ್ಯಾಟರಿಯಿಂದ ಉರಿಸಿ ಕಳ್ಳರು ರೈಲನ್ನು ನಿಲ್ಲಿಸಿದರು. ಇಂಜಿನನ್ನೂ ಮೊದಲ ಎರಡು ಡಬ್ಬಿಗಳನ್ನೂ ಕಳಚಿದರು. ಅರ್ಧ ಮೈಲು ಮುಂದೆ ಒಂದು ಸಣ್ಣ ಸೇತುವೆಯ ಮೇಲೆ ನಿಲ್ಲಿಸಿ, ನಮ್ಮಲ್ಲಿ ಮನೆ ಕಟ್ಟುವಾಗ ಹೆಂಚು ದಾಟಿಸುತ್ತಾರಲ್ಲ, ಹಾಗೆ ಸಾಲಾಗಿ ನಿಂತು 120 ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ಲಾರಿಗೆ ತುಂಬಿದರು. ಸುಮಾರು 26 ಲಕ್ಷ ಪೌಂಡು! ಒಂದು ಗುಂಡು ಹಾರಲಿಲ್ಲ. ಆಮೇಲೆ ಹಳ್ಳಿಯ ತೋಟದ ಮನೆಯೊಂದರಲ್ಲಿ ಅಡಗಿ ಕೂತವರು ಹೊತ್ತು ಕಳೆಯಲು ಮೊನೊಪೊಲಿ ಎಂಬ ಹಲಗೆಯಾಟ ಆಡಿದರು. ಆ ಆಟದ ಸಾಮಾನಿನ ಮೇಲೆ ಉಳಿದ ಬೆರಳ ಗುರುತೇ ಅವರನ್ನು ಹಿಡಿಸಿತು. ಈ ಜಾಗಕ್ಕೆ ಬಂದಾಗ ಮಕ್ಕಳು ನಿಟ್ಟುಸಿರು ಬಿಡುತ್ತಿದ್ದರು. ಪೊಲೀಸರು ಗೆದ್ದರಲ್ಲ ಎಂಬ ವ್ಯಸನ!

ಅವರನ್ನು ಸಮಾಧಾನಪಡಿಸಲು ನನ್ನ ಬಳಿ ರೋನಿ ಬಿಗ್ಸ್ ಇದ್ದ. ಮೂವತ್ತು ವರ್ಷದ ಶಿಕ್ಷೆಯಾಗಿ ಜೈಲು ಸೇರಿದವನು 1965ರಲ್ಲಿ ಗೋಡೆ ಹಾರಿ ಓಡಿದ. ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆಸ್ಟ್ರೇಲಿಯಕ್ಕೆ, ಅಲ್ಲಿಂದ ಬ್ರೆಜಿಲಿಗೆ ಹೋಗಿ ಕಾನೂನಿನ ಕೈಗೆ ಸಿಗದೆ ದಶಕಗಳ ಕಾಲ ರಾಜಾರೋಷವಾಗಿ ಬದುಕಿದ. ಬೆಲ್ಲು ಬಾರಿಸಿದರೂ ಮಕ್ಕಳು ಏಳುತ್ತಿರಲಿಲ್ಲ.

ನಾನು ಹೇಳದೆ ಬಿಟ್ಟ ಒಂದು ವಿಷಯವಿತ್ತು. ಗೊತ್ತಿಲ್ಲದೆ ಬಿಟ್ಟದ್ದಲ್ಲ. ಹೇಳಿದರೆ ಕಥೆ ಕೆಡುತ್ತದೆ ಎಂದು ಬಿಟ್ಟದ್ದು. ರೈಲಿನ ಚಾಲಕ ಜ್ಯಾಕ್ ಮಿಲ್ಸ್. ಇಂಜಿನಿಗೆ ನುಗ್ಗಿದವರನ್ನು ತಡೆಯಹೋದ ಆತನ ತಲೆಗೆ ಹೊಡೆದರು. ಕಳ್ಳರು ತಮ್ಮದೇ ಒಬ್ಬ ಚಾಲಕನನ್ನು ಕರೆತಂದಿದ್ದರು. ಅವನಿಗೆ ಆ ಡೀಸೆಲ್ ಇಂಜಿನನ್ನು ಕದಲಿಸಲಾಗಲಿಲ್ಲ. ಆದ್ದರಿಂದ ರಕ್ತ ಸೋರುವ ತಲೆಯ ಮಿಲ್ಸನನ್ನೇ ಎಬ್ಬಿಸಿ ಕೂರಿಸಿ ಆ ಅರ್ಧ ಮೈಲು ಓಡಿಸಿದರು. ಕೆಲಸಕ್ಕೆ ಬಾರದ ಆ ಚಾಲಕನನ್ನು ಒದಗಿಸುವುದು ಯಾರ ಹೊಣೆಯಾಗಿತ್ತು? ನಮ್ಮ ಬಿಗ್ಸನದ್ದು! ಇಡೀ ದರೋಡೆಯಲ್ಲಿ ಆತ ಮಾಡಿದ ಮುಖ್ಯ ಕೆಲಸ ಅದೊಂದೇ, ಅದೂ ಕೆಟ್ಟಿತು. ಮಿಲ್ಸ್ ಮತ್ತೆ ಮೊದಲಿನಂತಾಗಲಿಲ್ಲ. ಹಗುರವಾದ ಕೆಲಸಕ್ಕೆ ಮರಳಿದ, 1970ರಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡ. 2013ರ ಡಿಸೆಂಬರಿನಲ್ಲಿ ಬಿಗ್ಸ್ ಸತ್ತಾಗ ಪತ್ರಿಕೆಯಲ್ಲಿ ಓದಿದೆ. ಕಾಲಮುಗಟ್ಟಲೆ ಬಿಗ್ಸ್. ಚಾಲಕನಿಗೆ ಒಂದು ವಾಕ್ಯ. ಪತ್ರಿಕೆಯವರನ್ನು ದೂರಲು ಹೊರಟವನು ಅಲ್ಲಿಗೇ ನಿಂತೆ. ನನ್ನ ತರಗತಿಯಲ್ಲಿ ಆ ಒಂದು ವಾಕ್ಯವೂ ಇರಲಿಲ್ಲ.

ಇಂಗ್ಲೆಂಡು ದೂರದ ಮಾತಾಯಿತು. ನಮ್ಮದೇ ರಾಜ್ಯದ ಚೇಲೇಂಬ್ರದ ಸಂಗತಿ ಓದುಗರಿಗೆ ನೆನಪಿರಬಹುದು. ಮಲಪ್ಪುರಂ ಜಿಲ್ಲೆಯ ಆ ಊರಿನಲ್ಲಿ ಸೌತ್ ಮಲಬಾರ್ ಗ್ರಾಮೀಣ ಬ್ಯಾಂಕಿನ ಶಾಖೆ ಮಾಳಿಗೆಯಲ್ಲಿತ್ತು. ನಮ್ಮ ಕಡೆಯ ನಾರ್ತ್ ಮಲಬಾರ್ ಗ್ರಾಮೀಣ ಬ್ಯಾಂಕಿನ ಸೋದರಿ ಅದು. 2013ರಲ್ಲಿ ಎರಡೂ ಸೇರಿ ಕೇರಳ ಗ್ರಾಮೀಣ ಬ್ಯಾಂಕಾಯಿತು. ಕಳ್ಳರು ಕೆಳಗಿನ ಹೋಟೆಲನ್ನು ಬಾಡಿಗೆಗೆ ಹಿಡಿದು, ರಿಪೇರಿ ನಡೆಯುತ್ತಿದೆ ಎಂದು ಬಾಗಿಲು ಹಾಕಿಕೊಂಡು, 2007ರ ಡಿಸೆಂಬರ್ ಕೊನೆಯ ವಾರಾಂತ್ಯದಲ್ಲಿ ಹೋಟೆಲಿನ ಮಾಡು ಕೊರೆದು ಸೀದಾ ತಿಜೋರಿ ಕೋಣೆಯೊಳಗೆ ಎದ್ದರು. 80 ಕಿಲೋ ಚಿನ್ನ, 50 ಲಕ್ಷ ರೂಪಾಯಿ. ಒಂದು ಹಿಂದಿ ಸಿನಿಮಾ ನೋಡಿ ಈ ಯೋಚನೆ ಹೊಳೆಯಿತಂತೆ. ಪೊಲೀಸರು ಎರಡು ತಿಂಗಳೊಳಗೆ ಹಿಡಿದರೆನ್ನಿ. ಆದರೂ ಆ ದಿನಗಳಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿಬಂದದ್ದು ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ ಮಾತು: ಏನು ತಲೆ ಮಾರಾಯ! ಹಾಗೆ ಅಂದವರಲ್ಲಿ ನಾನೂ ಒಬ್ಬ.

ಕಳ್ಳನನ್ನು ಮೆಚ್ಚುವುದು ನಮಗೆ ಹೊಸತಲ್ಲ. ಕನ್ನಡದ ಹಳೆಯ ಗದ್ಯವಾದ ವಡ್ಡಾರಾಧನೆಯಲ್ಲಿ ಚೋರವಿದ್ಯೆಯಲ್ಲಿ ಪಳಗಿದ ವಿದ್ಯುಚ್ಚೋರ ಕೊನೆಗೆ ಋಷಿಯೇ ಆಗುತ್ತಾನೆ. ಮಲಯಾಳದವರಿಗೆ ಕಾಯಂಕುಳಂ ಕೊಚ್ಚುಣ್ಣಿ ಇದ್ದಾನೆ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಟ್ಟ ಎಂಬ ಖ್ಯಾತಿಯಿಂದ ಐತಿಹ್ಯಮಾಲೆಯಲ್ಲೂ ಜನರ ಬಾಯಲ್ಲೂ ಉಳಿದವನು. ಕೊಚ್ಚುಣ್ಣಿಯ ಕಥೆಯಲ್ಲಿ ನ್ಯಾಯದ ಒಂದು ಎಳೆ ಇದೆ ಎಂದೇ ಇಟ್ಟುಕೊಳ್ಳೋಣ. ಕಣಜ ತುಂಬಿಸಿಕೊಂಡು ಕೂತವನ ಮನೆಗೆ ಕಳ್ಳ ನುಗ್ಗಿದರೆ ಹಸಿದವನಿಗೆ ಸಂತೋಷವಾಗುವುದು ಸಹಜ. ಬ್ಯಾಂಕಿನ ಕಳವಿನ ಸುದ್ದಿ ಕೇಳಿದಾಗಲೂ ಅದೇ ಹಳೆಯ ಸಂತೋಷ ನಮ್ಮಲ್ಲಿ ಕದಲುತ್ತದೆ. ಬ್ಯಾಂಕು ಎಂದರೆ ಸರಕಾರ, ಬ್ಯಾಂಕು ಎಂದರೆ ಸಾಲದ ನೋಟೀಸು, ಹೋದರೆ ಹೋಗಲಿ.

ನನ್ನ ಈ ಸಂತೋಷಕ್ಕೆ ಏಟು ಬಿದ್ದದ್ದು 2015ರ ಸೆಪ್ಟೆಂಬರಿನಲ್ಲಿ. ಆ ತಿಂಗಳ ಮೊದಲಿಗೆ ಕೂಡ್ಲಿನ ಸಹಕಾರಿ ಬ್ಯಾಂಕಿನಲ್ಲಿ ಹಾಡಹಗಲೇ ದರೋಡೆಯಾಗಿತ್ತು. ಕೊನೆಯಲ್ಲಿ ಚೆರುವತ್ತೂರಿನ ವಿಜಯಾ ಬ್ಯಾಂಕು. ಅಲ್ಲಿಯೂ ಚೇಲೇಂಬ್ರದ ದಾರಿಯೇ: ಕೆಳಗಿನ ಅಂಗಡಿ ಬಾಡಿಗೆಗೆ, ಮಾಡಿಗೆ ತೂತು, ಸುಮಾರು 20 ಕಿಲೋ ಚಿನ್ನ. ಆ ಹೊತ್ತಿಗೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಪತ್ರಿಕೆ ಓದಿ ಅವಳಿಗೆ ನಾನು ಉತ್ಸಾಹದಿಂದಲೇ ವಿವರಿಸುತ್ತಿದ್ದೆ. ಹೇಗೆ ಕೊರೆದಿರಬೇಕು, ಸದ್ದು ಕೇಳದಂತೆ ಏನು ಮಾಡಿರಬೇಕು, ಎಷ್ಟು ದಿನದ ಯೋಜನೆ ಇರಬೇಕು ಎಂದೆಲ್ಲ. ಅಕ್ಕ ಕಾಫಿ ಲೋಟ ಕೆಳಗಿಟ್ಟು ಹೇಳಿದಳು:

"ನೀನು ಹೇಳುವುದು ಕೇಳಿದರೆ ಅವರಿಗೆ ಶಾಲು ಹೊದೆಸಬೇಕೆಂದು ಕಾಣುತ್ತದೆ. ನನ್ನ ಚಕ್ರಸರ ಬ್ಯಾಂಕಿನಲ್ಲಿ ಉಂಟು ಮಾರಾಯ."

ಅವಳ ಬ್ಯಾಂಕು ಬೇರೆ, ಊರೂ ಬೇರೆ, ಹೆದರಬೇಡ ಎಂದೆ. ಅವಳು ಕೇಳಲಿಲ್ಲ. ಆ ವರ್ಷ ಅಡಿಕೆಗೆ ಕೊಳೆರೋಗ, ಮಗನಿಗೆ ಮಂಗಳೂರಿನ ಕಾಲೇಜಿನ ಫೀಸು; ಜೂನಿನಲ್ಲಿ ನಾಲ್ಕು ಪವನಿನ ಚಕ್ರಸರ ಅಡವಿಗೆ ಹೋಗಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ನಾವಿಬ್ಬರೂ ಹೋದೆವು. ಹೋಗಿ ನೋಡಿದರೆ ಬ್ಯಾಂಕಿನ ಜಗಲಿಯಲ್ಲಿ ಆಗಲೇ ಹತ್ತಿಪ್ಪತ್ತು ಹೆಂಗಸರು. ಬೀಡಿ ಕಟ್ಟುವವರು, ಕೂಲಿಯವರು, ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡ ಬ್ಯಾರಿ ಹೆಂಗಸೊಬ್ಬಳು, ನನ್ನದೇ ಹಳೆಯ ವಿದ್ಯಾರ್ಥಿನಿಯೊಬ್ಬಳು. ಕನ್ನಡ, ಮಲಯಾಳ, ತುಳು, ಬ್ಯಾರಿ ಎಲ್ಲ ಭಾಷೆಯಲ್ಲೂ ಒಂದೇ ಪ್ರಶ್ನೆ. ಗುಮಾಸ್ತ ತಾಳ್ಮೆಯವನು. ಎಲ್ಲ ಭದ್ರವಾಗಿದೆ, ಕಳವಾದರೂ ವಿಮೆ ಇದೆ, ತೂಕಕ್ಕೆ ತಕ್ಕ ಹಣ ಬರುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಅಕ್ಕ ಕೇಳಿದಳು, "ಒಮ್ಮೆ ತೋರಿಸಬಹುದೋ?" ಸೀಲು ಹಾಕಿದ ಲಕೋಟೆಯನ್ನು ಸಾಲ ತೀರಿಸದೆ ತೆರೆಯುವಂತಿಲ್ಲವಲ್ಲ. ಆಗದು ಎಂದ.

ಮರಳಿ ಬರುವಾಗ ಬಸ್ಸಿನಲ್ಲಿ ಅವಳೆಂದಳು: "ಕೊಕ್ಕೆಯ ಹತ್ತಿರ ಒಂದು ಗುಂಡು ಚಪ್ಪಟೆ ಉಂಟು. ನೀನು ಸಣ್ಣವನಿರುವಾಗ ಕಚ್ಚಿದ್ದು. ತೂಕದ ಹಣ ಕೊಟ್ಟರೆ ಅದು ಬರುತ್ತದಾ?"

ಆ ಸರ ಅಮ್ಮನದ್ದು. ಅಮ್ಮನಿಂದ ಅಕ್ಕನಿಗೆ ಬಂದದ್ದು. ಕಚ್ಚಿದ್ದು ನನಗೆ ನೆನಪಿಲ್ಲ.

ಈ ಪ್ರಸಂಗವನ್ನು ನನ್ನ ಸ್ನೇಹಿತರಾದ ಮಲಯಾಳ ಮಾಷರಲ್ಲಿ ಹೇಳಿದೆ. ಅವರು ತರ್ಕದಲ್ಲಿ ಗಟ್ಟಿಗರು. ಬುದ್ಧಿಯನ್ನು ಮೆಚ್ಚುವುದು ಬೇರೆ, ಕೃತ್ಯವನ್ನು ಮೆಚ್ಚುವುದು ಬೇರೆ ಎಂದರು. ಕಥಕಳಿಯಲ್ಲಿ ಕೀಚಕನ ವೇಷ ನೋಡಿ ತಲೆದೂಗುತ್ತೇವೆ, ನಿಮ್ಮ ಯಕ್ಷಗಾನದಲ್ಲಿ ರಾವಣನಿಗೆ ಚಪ್ಪಾಳೆ ಬೀಳುತ್ತದೆ; ಅಷ್ಟಕ್ಕೆ ನಾವು ಅವರ ಪಕ್ಷದವರಾದೆವೇ? ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಮೆಚ್ಚುಗೆ ಎಂಬುದು ಕರೆದು ಬರುವಂಥದ್ದೂ ಅಲ್ಲ, ಬೇಡವೆಂದರೆ ಹೋಗುವಂಥದ್ದೂ ಅಲ್ಲ. ಅದರಲ್ಲಿ ತಪ್ಪು ಹುಡುಕುವುದು ಹೇಗೆ?

ಉತ್ತರ ಸಿಕ್ಕಿದ್ದು ಮೃಚ್ಛಕಟಿಕವನ್ನು ಮತ್ತೆ ಓದುವಾಗ. ಅದರ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬವನು ಚಾರುದತ್ತನ ಮನೆಯ ಗೋಡೆಗೆ ಕನ್ನ ಹಾಕುತ್ತಾನೆ. ಎಂಥ ಕಲಾವಿದ! ಕಂಡಿ ಅರಳಿದ ತಾವರೆಯಂತಿರಲೋ, ಬಾಲಚಂದ್ರನಂತಿರಲೋ, ಪೂರ್ಣಕುಂಭದಂತಿರಲೋ ಎಂದು ಯೋಚಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಅವನಿಗೂ ಒಂದು ಒಳ್ಳೆಯ ಕಾರಣವಿದೆ. ದಾಸಿಯಾಗಿರುವ ಪ್ರಿಯೆಯನ್ನು ಬಿಡಿಸಬೇಕು. ಬೆಳಗಾಗಿ ಚಾರುದತ್ತ ಎದ್ದು ಬಂದು, ನಮ್ಮ ಸ್ಟಾಫ್ ರೂಮಿನವರ ಹಾಗೆಯೇ, ಮೊದಲು ಕಂಡಿಯ ಅಂದವನ್ನು ಹೊಗಳುತ್ತಾನೆ. ತನ್ನ ಬಡಮನೆಯಲ್ಲಿ ಕಳ್ಳನಿಗೆ ಏನೂ ಸಿಕ್ಕಿರಲಾರದು, ಪಾಪ, ಎಂದು ಮರುಗುತ್ತಾನೆ. ಆಮೇಲೆ ತಿಳಿಯುತ್ತದೆ: ಹೋದದ್ದು ಅವನದ್ದಲ್ಲ, ವಸಂತಸೇನೆ ನಂಬಿ ಇರಿಸಿದ್ದ ಒಡವೆಗಳು. ಅಡವಿನ ಚಿನ್ನವಲ್ಲ, ನಿಜ. ಆದರೆ ಇನ್ನೊಬ್ಬಳು ನಂಬಿ ಬಿಟ್ಟುಹೋದ ಚಿನ್ನ. ಚಾರುದತ್ತ ಮೂರ್ಛೆ ಹೋಗುತ್ತಾನೆ. ಬಡವನಾದ ತನ್ನ ಮಾತನ್ನು ಯಾರು ನಂಬುತ್ತಾರೆ? ಆಗ ಅವನ ಹೆಂಡತಿ ಧೂತೆ, ತವರಿನಿಂದ ಬಂದ, ತನ್ನ ಬಳಿ ಉಳಿದಿದ್ದ ರತ್ನಮಾಲೆಯನ್ನು ಒಳಗಿನಿಂದ ಕಳಿಸುತ್ತಾಳೆ. ಗಂಡನ ಅಭಿಮಾನಕ್ಕೆ ನೋವಾಗದಿರಲೆಂದು ವ್ರತದ ದಾನವೆಂಬ ನೆಪ ಹೂಡಿ ವಿದೂಷಕನ ಕೈಗೆ ಕೊಡುತ್ತಾಳೆ.

ಶರ್ವಿಲಕನ ಕಲೆಯ ಬೆಲೆಯನ್ನು ತೆತ್ತವಳು ಧೂತೆ. ಅವಳಿಗೂ ಆ ಪ್ರೇಮಕ್ಕೂ ಏನು ಸಂಬಂಧ? ನಾಟಕದಲ್ಲಿ ಅವಳಿಗೆ ಮಾತೂ ಕಡಿಮೆ. ಆದರೆ ಶೂದ್ರಕ ಅವಳನ್ನು ಬಿಟ್ಟುಬಿಡಲಿಲ್ಲ. ಕಂಡಿಯ ಸೊಗಸನ್ನೂ ರತ್ನಮಾಲೆಯನ್ನೂ ಒಂದೇ ಅಂಕದಲ್ಲಿ ಇಟ್ಟ. ಮಾಷರಿಗೆ ಕೊಡಬೇಕಾಗಿದ್ದ ಉತ್ತರ ಇದೇ. ಯಕ್ಷಗಾನದಲ್ಲಿ ರಾವಣನಿಗೆ ಚಪ್ಪಾಳೆ ಬೀಳುವಾಗ ಅಶೋಕವನದ ಸೀತೆಯೂ ರಂಗದಲ್ಲಿ ಇದ್ದಾಳೆ. ಅವಳನ್ನು ಕಂಡೂ ವೇಷಕ್ಕೆ ತಲೆದೂಗಿದರೆ ಅದು ವೇಷಧಾರಿಗೆ ಸಂದ ಗೌರವ. ನಾನು ಹೇಳುತ್ತಿದ್ದ ರೈಲಿನ ಕಥೆಯಾದರೋ ಮಿಲ್ಸನನ್ನು ಚೌಕಿಯಲ್ಲೇ ಕೂರಿಸಿದರೆ ಮಾತ್ರ ರಂಜಿಸುವಂಥದ್ದು. ಬುದ್ಧಿಯನ್ನು ಮೆಚ್ಚಿದ್ದು ನನ್ನ ತಪ್ಪಾಗಿರಲಾರದು. ಮೆಚ್ಚಲು ಅನುಕೂಲವಾಗಲೆಂದು ಒಬ್ಬ ಮನುಷ್ಯನನ್ನು ಕಥೆಯಿಂದ ತೆಗೆದುಹಾಕಿದ್ದೆನಲ್ಲ, ಅದು ತಪ್ಪು. ಅಂದು ಸೇತುವೆಯ ಮೇಲಿದ್ದ ಹದಿನೈದು ಮಂದಿಯೂ ಆತನ ಬಗ್ಗೆ ಹೆಚ್ಚು ಯೋಚಿಸಿರಲಾರರು. ಮೂವತ್ತೊಂದು ವರ್ಷ ಕಾಲ ನಾನೂ ಯೋಚಿಸಲಿಲ್ಲ, ಮಕ್ಕಳಿಗೂ ಯೋಚಿಸುವ ಅವಕಾಶ ಕೊಡಲಿಲ್ಲ.

ಮಾಷರು ಇದನ್ನು ಪೂರ್ತಿ ಒಪ್ಪಲಿಲ್ಲ. ಹಾಗಾದರೆ ಇನ್ನು ಮೇಲೆ ಕಳ್ಳರ ಕಥೆ ಹೇಳುವುದೇ ಬೇಡವೇ ಎಂದರು. ಹೇಳೋಣ, ಆದರೆ ಬ್ಯಾಂಕಿನ ಜಗಲಿಯಿಂದ ಶುರು ಮಾಡೋಣ ಎಂದೆ. ಅಷ್ಟು ಹೊತ್ತು ಯಾರು ಕೇಳುತ್ತಾರೆ ಎಂದು ನಕ್ಕರು. ಅವರ ಮಾತೂ ಸುಳ್ಳಲ್ಲ. 2025ರ ಜನವರಿಯಲ್ಲಿ ತಲಪಾಡಿಯ ಆಚೆ ಕೋಟೆಕಾರಿನ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಮುಸುಕುಧಾರಿಗಳು ಹಗಲಲ್ಲೇ ನುಗ್ಗಿ ಅಡವಿನ ಚಿನ್ನ ದೋಚಿದಾಗ, ಮೊಮ್ಮಗ ನನಗೆ ಓದಿ ಹೇಳಿದ್ದು ಕಾರು ಯಾವುದು, ಯಾವ ದಾರಿಯಲ್ಲಿ ಹೋದರು, ಎಷ್ಟು ನಿಮಿಷ ಹಿಡಿಯಿತು ಎಂಬುದನ್ನೇ. ಚಿನ್ನ ಯಾರದ್ದು ಎಂದು ಕೇಳಿದೆ. "ಬ್ಯಾಂಕಿನದ್ದು ಅಜ್ಜ" ಎಂದ. ಅವನನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಬೇಕೆಂದಿದ್ದೇನೆ.

ಚಕ್ರಸರದ ವಿಷಯ ಅರ್ಧಕ್ಕೆ ಬಿಟ್ಟೆ. ಅಂದಿನಿಂದ ಅಕ್ಕನಿಗೆ ಸರಿಯಾಗಿ ನಿದ್ರೆಯಿಲ್ಲ. ಬ್ಯಾಂಕಿನವರು ಬೇಡವೆಂದರೂ ಅವಧಿಗೆ ಮೊದಲೇ, ಅಡಿಕೆ ಮಾರಿ ಬಂದ ಮೊದಲ ದುಡ್ಡಿನಲ್ಲಿ ಸರ ಬಿಡಿಸಿಕೊಂಡಳು. ಲಕೋಟೆ ಒಡೆದ ಕೂಡಲೇ, ಗುಮಾಸ್ತನ ಎದುರಿನಲ್ಲೇ, ಕೊಕ್ಕೆಯ ಹತ್ತಿರದ ಗುಂಡನ್ನು ಬೆರಳಿನಿಂದ ಮುಟ್ಟಿ ನೋಡಿದಳಂತೆ. ಒಂದು ಮದುವೆಗೆ ಹಾಕಿಕೊಂಡಳು. ಮರುವರ್ಷ ಜೂನಿನಲ್ಲಿ, ಫೀಸು ಕಟ್ಟುವ ಹೊತ್ತಿಗೆ, ಅದು ಮತ್ತೆ ಅದೇ ಬ್ಯಾಂಕಿಗೆ ಹೋಯಿತು.