ಪ್ರಾರ್ಥಿಸೋಣ, ಓಡೋದನ್ನೂ ಕಲಿಸೋಣ

ಭಾನುವಾರದ ಯುವಜನರ ಆರಾಧನೆ
ವಾಕ್ಯಭಾಗ: ಇಬ್ರಿಯ 11:7, ಧರ್ಮೋಪದೇಶಕಾಂಡ 6:6-7

 

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. 2021ರ ಮೇ ತಿಂಗಳು, ಲಾಕ್‌ಡೌನ್ ಸಮಯ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಗ್ತಿತ್ತು. ಸಭೆಯ ಒಬ್ಬ ತಮ್ಮ ರಾತ್ರಿ ಫೋನ್ ಮಾಡಿ, "ಪಾಸ್ಟರ್, ಊರಲ್ಲಿ ಅಮ್ಮ ಒಬ್ರೇ ಇದ್ದಾರೆ, ಮನೆ ಕಡಲ ದಂಡೆಯಲ್ಲೇ ಇದೆ, ಪ್ರಾರ್ಥನೆ ಮಾಡಿ" ಅಂದ. ನಾನು ಜೋರಾಗಿ ಪ್ರಾರ್ಥನೆ ಮಾಡಿದೆ. "ಭಯಪಡಬೇಡ, ನಂಬಿಕೆ ಇರಲಿ" ಅಂತ ಹೇಳಿ ಮಲಗಿದೆ. "ಅಮ್ಮನ್ನ ಈಗಲೇ ಅಲ್ಲಿಂದ ಕಳಿಸು" ಅನ್ನೋ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಬೆಳಿಗ್ಗೆ ಗೊತ್ತಾಯ್ತು, ಮಧ್ಯರಾತ್ರಿ ನೀರು ಅಂಗಳಕ್ಕೆ ನುಗ್ಗಿದಾಗ ಪಕ್ಕದ ಮನೆಯವರು ಬಂದು ಆ ತಾಯಿಯನ್ನ ಕೈಹಿಡಿದು ಕರ್ಕೊಂಡು ಹೋಗಿದ್ರು. ದೇವರು ಪ್ರಾರ್ಥನೆ ಕೇಳಿದರು. ಉತ್ತರ ಪಕ್ಕದ ಮನೆಯವರ ಕೈಯಲ್ಲಿ ಬಂತು. ನಾನು ಮಲಗಿದ್ದೆ.

ಪ್ರಿಯರೇ, ನಮ್ಮಲ್ಲಿ ಕೆಲವರು ಅಂದ್ಕೊಂಡಿದ್ದಾರೆ, ಮುನ್ನೆಚ್ಚರಿಕೆ ತಗೊಂಡ್ರೆ ನಂಬಿಕೆ ಕಡಿಮೆ ಅಂತ. ನೋಹನನ್ನ ನೋಡಿ. ದೇವರು ಎಚ್ಚರಿಸಿದಾಗ ಇನ್ನೂ ಒಂದು ಹನಿ ನೀರು ಕಾಣಿಸಿರಲಿಲ್ಲ. ಆದರೂ ಅವನು ಮರ ಕಡಿದ, ಅಳತೆ ಹಿಡಿದ, ನಾವೆ ಕಟ್ಟಿದ. ಇಬ್ರಿಯ ಪತ್ರಿಕೆ ಆ ಕೆಲಸವನ್ನೇ ನಂಬಿಕೆ ಅಂತ ಕರೆಯುತ್ತೆ. ಆಮೆನ್?

ಈಗ 2004ರ ಡಿಸೆಂಬರ್ 26ಕ್ಕೆ ಬನ್ನಿ. ಕ್ರಿಸ್ಮಸ್ ಮರುದಿನ, ಭಾನುವಾರ. ಇಂಡೋನೇಷ್ಯಾದ ಸುಮಾತ್ರಾ ಹತ್ತಿರ ಸಮುದ್ರದಡಿಯಲ್ಲಿ ಭೂಕಂಪ. ಸುನಾಮಿ ಅಲೆ ತಮಿಳುನಾಡಿಗೆ ಮುಟ್ಟೋಕೆ ಎರಡು ಗಂಟೆಗೂ ಹೆಚ್ಚು ಸಮಯ ಬೇಕಾಯ್ತು. ಆದರೂ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ತೀರಿಹೋದರು. ಕ್ರಿಸ್ಮಸ್‌ಗೆ ವೇಳಾಂಕಣಿಗೆ ಬಂದಿದ್ದ ಯಾತ್ರಿಕರೂ ಅವರಲ್ಲಿದ್ದರು. ಅವರಿಗೆ ನಂಬಿಕೆ ಇರಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಒಪ್ಪಬೇಡಿ. ಅವರಿಗೆ ಹೇಳೋರು ಇರಲಿಲ್ಲ. ಆಗ ನಮ್ಮ ದೇಶದಲ್ಲಿ ಸುನಾಮಿ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ.

ಅದೇ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಸಿಮೆಲು ಅನ್ನೋ ದ್ವೀಪ ಇದೆ. ಸುಮಾರು 78,000 ಜನ. ಅಲ್ಲಿಗೆ ಕೆಲವೇ ನಿಮಿಷಗಳಲ್ಲಿ ಅಲೆ ಬಂತು. ಸೈರನ್ ಇಲ್ಲ, ಮೆಸೇಜ್ ಇಲ್ಲ. ಆದರೂ ಸುನಾಮಿಗೆ ಬಲಿಯಾದವರು 7 ಮಂದಿ. ಹೇಗೆ? 1907ರಲ್ಲಿ ಅಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತಿದ್ದರು. ಉಳಿದವರು ಅದನ್ನ ಮರೆಯೋಕೆ ಬಿಡಲಿಲ್ಲ. ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆಯಾಗಿ, ಹಾಡಾಗಿ ಹೇಳ್ತಾ ಬಂದರು: ಭೂಮಿ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. ಅದಕ್ಕೆ ಅವರ ಮಾತಲ್ಲಿ 'ಸ್ಮೊಂಗ್' ಅಂತ ಹೆಸರು. 97 ವರ್ಷ ಆದ್ಮೇಲೆ ಕಡಲು ಸರಿಯಿತು. ಮಕ್ಕಳು ಓಡಿದರು.

ಮೋಶೆ ಇಸ್ರಾಯೇಲ್ಯರಿಗೆ ಹೇಳಿದ್ದೂ ಇದೇ ದಾರಿ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ಮಾತಾಡಿ. ದೇವರ ವಾಕ್ಯವನ್ನ ಹಾಗೆ ಕಲಿಸೋ ಮನೆಯಲ್ಲಿ ಜೀವ ಉಳಿಸೋ ಮಾತಿಗೂ ಜಾಗ ಇರಬೇಕು.

ಕಾರವಾರ, ಕುಂದಾಪುರ, ಮಲ್ಪೆ, ಉಳ್ಳಾಲದ ಕಡೆಯವರು ಕೈ ಎತ್ತಿ. ನೋಡಿ, ಎಷ್ಟು ಜನ! ನಾವು ಬೆಂಗಳೂರಲ್ಲಿದ್ದೀವಿ, ನಮ್ಮ ಅಮ್ಮಂದಿರು ಕಡಲ ಪಕ್ಕ ಇದ್ದಾರೆ. ಹೈದರಾಬಾದ್‌ನ ಇನ್‌ಕಾಯಿಸ್ ಸಂಸ್ಥೆ 2007ರಿಂದ ಸುನಾಮಿ ಎಚ್ಚರಿಕೆ ಕೊಡ್ತಿದೆ. ಆದರೆ ಎಚ್ಚರಿಕೆ ಬಂದಾಗ ಅಜ್ಜಿಯನ್ನ ಯಾರು ಎತ್ಕೊಂಡು ಹೋಗ್ಬೇಕು ಅಂತ ಅದು ಹೇಳಲ್ಲ. ಅದನ್ನ ಮನೆಯವರೇ ಮುಂಚೆ ಮಾತಾಡಿಕೊಂಡಿರಬೇಕು.

ಈ ವಾರ ಮನೆಗೆ ಫೋನ್ ಮಾಡಿ. "ಊಟ ಆಯ್ತಾ" ಕೇಳಿದ್ಮೇಲೆ ಇನ್ನು ಮೂರು ಮಾತು ಕೇಳಿ. ಹತ್ತಿರದ ಎತ್ತರದ ಜಾಗ ಯಾವುದು? ನಡೆದು ಹೋಗೋಕೆ ಎಷ್ಟು ನಿಮಿಷ? ನಡೆಯೋಕಾಗದವರ ಜೊತೆ ಯಾರಿರ್ತಾರೆ? ಫೋನಲ್ಲಿ 112 ಸೇವ್ ಮಾಡಿಸಿ. ದೋಣಿಗೆ ಹೋಗೋರಿದ್ರೆ ಕೋಸ್ಟ್ ಗಾರ್ಡ್‌ನ 1554 ಕೂಡ. ಗೋಕರ್ಣಕ್ಕೆ ಟ್ರಿಪ್ ಹೋಗೋ ತಮ್ಮಂದಿರೇ, ತಂಗಿಯರೇ, ಕಡಲು ಇದ್ದಕ್ಕಿದ್ದಂತೆ ದೂರಕ್ಕೆ ಸರಿದರೆ ರೀಲ್ಸ್ ಮಾಡೋಕೆ ನಿಲ್ಲಬೇಡಿ, ಓಡಿ. ಓಡ್ತಾ ಕೂಗಿ ಹೇಳಿ. ಪಕ್ಕದಲ್ಲಿರೋರು ಯಾವ ಧರ್ಮದವರು ಅಂತ ಕೇಳ್ತಾ ನಿಲ್ಲಬೇಡಿ.

ತಲೆಬಾಗೋಣ. ಪರಲೋಕದ ತಂದೆಯೇ, ಪ್ರಾರ್ಥನೆ ಮಾಡಿ ಮಲಗಿಬಿಟ್ಟ ನಮ್ಮನ್ನು ಕ್ಷಮಿಸು. ನಮ್ಮ ಕರಾವಳಿಯನ್ನು ಕಾಪಾಡು. ನಮ್ಮ ಬಾಯಿ ತೆರೆ, ಕಾಲಿಗೆ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಫೋನ್ ಮಾಡೋದನ್ನ ಮರೀಬೇಡಿ. ಇವತ್ತೇ ಮಾಡಿ.