ಮುಚ್ಚಿಗೆಯ ಮೇಲೇನಿದೆ?

ಕರಾವಳಿಯ ಹಂಚಿನ ಮನೆಗಳಲ್ಲಿ ಮಾಡಿನ ಕೆಳಗೆ ಹಲಗೆಗಳನ್ನು ಜೋಡಿಸಿ ಮಾಡುವ ಒಳಛಾವಣಿಯನ್ನು ‘ಮುಚ್ಚಿಗೆ’ ಎನ್ನುತ್ತಾರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಹಂಚಿನ ಮನೆಗಳು ಹೆಚ್ಚಿದವು. ಹಂಚಿನ ಬಿಸಿಯನ್ನೂ ಸಂದುಗಳಿಂದ ಉದುರುವ ಧೂಳನ್ನೂ ತಡೆಯಲು ಅನುಕೂಲವಂತರು ಹಲಸು, ಹೆಬ್ಬಲಸು, ಸಾಗುವಾನಿಯ ಹಲಗೆಗಳಿಂದ ಮುಚ್ಚಿಗೆ ಹಾಕಿಸಿದರು. ಇಂದು ತಾರಸಿ ಮನೆಗಳಲ್ಲಿಯೂ ಅಂದಕ್ಕಾಗಿ ಹಲಗೆ ಹೊದಿಸುವುದುಂಟು.

ಇದರ ಹೆಸರೇ ನಮ್ಮ ಮುಂದೊಂದು ಪ್ರಶ್ನೆಯನ್ನಿಡುತ್ತದೆ. ಮುಚ್ಚುವುದು ಒಳ್ಳೆಯದೇ, ಕೆಟ್ಟದ್ದೇ?

ಅನುಭವಿ ಬಡಗಿಯು ಈ ಕೆಲಸವನ್ನು ಹೇಗೆ ಮಾಡುತ್ತಾನೆಂಬುದನ್ನು ಗಮನಿಸಿರಿ. ಮೊದಲು ಅವನು ಮೇಲಕ್ಕೆ ಹತ್ತಿ, ಒಡೆದ ಹಂಚನ್ನು ಬದಲಿಸಿ, ಪಕ್ಕಾಸು ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುತ್ತಾನೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಸೋರಿಕೆಯ ಕೆಳಗೆ ಹೊಡೆದ ಹಲಗೆಯು ನೀರನ್ನು ನಿಲ್ಲಿಸದು. ಕಣ್ಣಿಗೆ ಮರೆಮಾಡಿ ತಾನೂ ಕೊಳೆಯುವುದು. ಹಲಗೆಗಳನ್ನು ಕೆಲವು ದಿನ ಅದೇ ಕೋಣೆಯಲ್ಲಿ ಇರಿಸಿ ಅಲ್ಲಿನ ಹವೆಗೆ ಹೊಂದಿಸುತ್ತಾನೆ. ಕಾಣದ ಹಿಂಬದಿಗೂ ವಾರ್ನಿಷ್ ಬಳಿಯುತ್ತಾನೆ, ಏಕೆಂದರೆ ಒಂದೇ ಬದಿಗೆ ಬಳಿದ ಹಲಗೆ ತೇವಕ್ಕೆ ಡೊಂಕಾಗುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗುವುದರಿಂದ ಗೋಡೆಯ ಬಳಿ ಕಿರುಬೆರಳಿನಷ್ಟು ಸಂದು ಬಿಡುತ್ತಾನೆ. ಕೊನೆಗೆ, ಮೇಲೆ ಹತ್ತಿ ನೋಡಲು ಒಂದು ಕಿಂಡಿಯನ್ನೂ ಇರಿಸುತ್ತಾನೆ.

ನಮ್ಮ ಕುಟುಂಬಗಳಲ್ಲಿಯೂ ಮುಚ್ಚಿಗೆಗಳಿವೆ. ಮಗನೊಬ್ಬನು ಕುಡಿತಕ್ಕೆ ಬಿದ್ದಿದ್ದಾನೆನ್ನಿ. ಆ ಸಂಗತಿಯನ್ನು ನೆರೆಕೆರೆಯವರ ಬಾಯಿಗೆ ಹಾಕದಿರುವುದು ಪ್ರೀತಿ. ಆದರೆ ಅವನನ್ನು ವೈದ್ಯರ ಬಳಿಗೂ ಕರೆದೊಯ್ಯದೆ, ಹೆಣ್ಣು ಕೊಡಲು ಬಂದವರಿಗೂ ತಿಳಿಸದೆ ಮದುವೆ ಮಾಡಿಸಿದರೆ ಅದು ವಂಚನೆ. ಎರಡೂ ಕಡೆ ಮುಚ್ಚಿದ್ದು ಒಂದೇ ಸಂಗತಿ. ಮೊದಲನೆಯದು ಮನೆಯೊಳಗೆ ಬಾಳುವವನನ್ನು ಕಾಯಿತು; ಎರಡನೆಯದು ಆ ಮನೆಗೆ ಬಾಳಲು ಬರುವವಳ ತಲೆಯ ಮೇಲೆ ಸೋರಿತು.

ಯೆರೆಮೀಯನ ಗ್ರಂಥದ 22ನೆಯ ಅಧ್ಯಾಯದಲ್ಲಿ ಪ್ರವಾದಿಯು ಅರಸ ಯೆಹೋಯಾಕೀಮನನ್ನು ಖಂಡಿಸುತ್ತಾನೆ. ಅರಸನ ಅರಮನೆಗೆ ದೇವದಾರು ಹಲಗೆಯ ಹೊದಿಕೆಯಿತ್ತು. ದುಡಿದವರಿಗೆ ಕೂಲಿ ಸಂದಿರಲಿಲ್ಲ. ಪ್ರವಾದಿಯ ಕೋಪ ಮರದ ಮೇಲಲ್ಲ, ಅದರ ಹಿಂದೆ ಅಡಗಿದ ಅನ್ಯಾಯದ ಮೇಲೆ.

ಆದುದರಿಂದ ಮುಚ್ಚುವ ಮುನ್ನ ಕೇಳಿಕೊಳ್ಳೋಣ: ಸೋರಿಕೆಯನ್ನು ಸರಿಪಡಿಸಿದ್ದೇವೆಯೇ? ಇದರ ಕೆಳಗೆ ಮಲಗುವವರು ಯಾರು? ಮೇಲೆ ಹತ್ತಿ ನೋಡಲು ಕಿಂಡಿಯಿದೆಯೇ? ಸಾಲ, ಕಾಯಿಲೆ, ಜಗಳ ಯಾವುದೇ ಇರಲಿ, ಮನೆಯವರು ಕುಳಿತು ಮಾತನಾಡುವ ಒಂದು ಸಂಜೆಯೇ ಆ ಕಿಂಡಿ. ಮಳೆಗಾಲಕ್ಕೆ ಮೊದಲೇ ಅದನ್ನೊಮ್ಮೆ ತೆರೆದು ನೋಡಿರಿ.